ನಲವತ್ತೊಂದು ರೊಪ್ಪ

ಕಾರೆಹಟ್ಟಿ
12 ಜುಲೈ 2024

ಅಕ್ಕನಿಗೆ ನಾಗಭೂಷಣನ ನಮಸ್ಕಾರ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅವ್ವ ಪಕ್ಕದಲ್ಲೇ ಕೂತಿರುತ್ತಾಳೆ, ಅವಳ ಕಿವಿ ಇನ್ನೂ ಚುರುಕು. ಅದಕ್ಕೇ ಈ ಕಾಗದ. ಬಸ್ ಕಂಡಕ್ಟರ್ ಹನುಮಂತರಾಜು ಮೊಳಕಾಲ್ಮೂರಿನಲ್ಲಿ ನಿನ್ನ ಕೈಗೇ ಕೊಡುತ್ತಾನೆ. ಓದಿ ಒಲೆಗೆ ಹಾಕು.

ಮುರುಗೇಶ ಫೋನ್ ಮಾಡಿದ್ದ. ಹೌದು, ಅವನೇ. ಚಳ್ಳಕೆರೆ ಎಣ್ಣೆ ಮಿಲ್ಲಿನವರ ಮಗ, ಕಾಲೇಜಿನಲ್ಲಿ ನನ್ನ ಬೆಂಚಿನವನು. ಏಳು ವರ್ಷದ ಮೇಲೆ, ನಿನ್ನೆ ತಾನೇ ಒಟ್ಟಿಗೆ ಉಂಡು ಎದ್ದವನ ಹಾಗೆ, "ಏನಲೇ ನಾಗ, ಹೆಂಗಿದ್ದೀಯ?" ಅಂದ. ಈಗ ದೊಡ್ಡ ಪ್ರೊಫೆಸರ್. ಕುರಿಗಾರರ ಬದುಕಿನ ಮೇಲೆ ಮೂರು ವರ್ಷದ ಹೊಸ ಸಂಶೋಧನೆ ಬರುವುದಿದೆ, ಅದಕ್ಕೆ ಅವನೇ ಮುಖ್ಯಸ್ಥನಾಗಬೇಕು. ಮಂಜೂರು ಮಾಡುವ ಸಮಿತಿ ನವೆಂಬರ್ ಕೊನೆಗೆ ನಮ್ಮ ಹಟ್ಟಿಗೇ ಬರುತ್ತದಂತೆ. "ನೀನಿಲ್ದಿದ್ರೆ ಹಟ್ಟಿಯೋರು ನನ್ನ ಒಳಗೆ ಬಿಡಲ್ಲ ಕಣಲೇ" ಅಂದ. ಅಪ್ಪನ ಬಗ್ಗೆ ಒಂದು ಮಾತಿಲ್ಲ. ಫೆಬ್ರವರಿಯಲ್ಲಿ ಅಪ್ಪ ತೀರಿಕೊಂಡಾಗ ವಾಟ್ಸಾಪಿನಲ್ಲಿ ಮುಗಿದ ಕೈಯ ಚಿತ್ರ ಕಳಿಸಿದ್ದನಲ್ಲ, ಅಲ್ಲಿಗೆ ಅವನ ಲೆಕ್ಕದಲ್ಲಿ ಎಲ್ಲ ಮುಗಿದಿದೆ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ಬರೆದರೆ ಹೊಟ್ಟೆಯ ಉರಿ ಒಂದು ಹದಕ್ಕೆ ಬರುತ್ತದೆ. ಹನ್ನೆರಡು ವರ್ಷದ ಹಿಂದೆ ಥೀಸಿಸ್ ಬರೆಯಲು ಬಂದವನು ನಲವತ್ತು ದಿನ ನಮ್ಮ ಮನೆಯಲ್ಲಿದ್ದ. ಅವ್ವ ತಟ್ಟಿದ ರೊಟ್ಟಿ ತಿಂದ, ಅಪ್ಪನ ಕಂಬಳಿ ಹೊದ್ದು ಮಲಗಿದ. ಮಗನ ಹಾಗೆ ಇದ್ದಾನೆಂದು ಅಪ್ಪ ಯಾರಿಗೂ ಹೇಳದ ಮಾತು ಅವನಿಗೆ ಹೇಳಿದರು. ಶಿಲ್ಪ ನಿನ್ನ ಹೊಟ್ಟೆಯಲ್ಲಿ ಅಡ್ಡ ಸಿಕ್ಕಿಕೊಂಡಾಗ ಆಸ್ಪತ್ರೆಯ ಖರ್ಚಿಗೆ ದೇವರಿಗೆ ಬಿಟ್ಟ ಮೀಸಲು ಟಗರನ್ನು ಚಳ್ಳಕೆರೆ ಸಂತೆಯಲ್ಲಿ ಮಾರಿದ್ದು, ಬೇರೆ ಟಗರಿನ ಕಿವಿಗೆ ಕಾಡಿಗೆ ಬಳಿದು ಅದನ್ನೇ ಮೀಸಲು ಎಂದು ದೇವರಿಗೆ ಒಪ್ಪಿಸಿದ್ದು. ಅವನು ಅದನ್ನೂ ಬರೆದ. ಥೀಸಿಸ್ಸಿನಲ್ಲಿ ಇಂಗ್ಲಿಷಿನಲ್ಲಿ ಇದ್ದಷ್ಟು ದಿನ ಯಾರಿಗೂ ತಿಳಿಯಲಿಲ್ಲ. ಆಮೇಲೆ 'ಕರಗಿದ ಮಂದೆ' ಅಂತ ಕನ್ನಡದ ಪುಸ್ತಕ ಮಾಡಿದ. ಪಾತಣ್ಣ ಅನ್ನುವ ಅಪ್ಪನ ಹೆಸರು ಬದಲಿಸಿದ್ದ, ಬೆರಳು ಬದಲಿಸಿರಲಿಲ್ಲ. "ಎಡಗೈಗೆ ನಾಲ್ಕೇ ಬೆರಳಿರುವ ಹಿರಿಯ ಕುರಿಗಾರ"! ನಮ್ಮ ಹಟ್ಟಿಯಲ್ಲಿ ನಾಲ್ಕು ಬೆರಳಿನವರು ಎಷ್ಟು ಜನ ಇದ್ದರು?

ನಮ್ಮ ಹಟ್ಟಿಯವನೇ ಆದ ಮಾರುತೇಶ ಅದನ್ನು ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಓದಿದ. ಏಳು ವರ್ಷ ಅಪ್ಪ ದೇವರ ಗುಡಿಯ ಮುಳ್ಳುಬೇಲಿ ದಾಟಲಿಲ್ಲ. ಸತ್ತಾಗ ಹೆಗಲು ಕೊಡಲು ರಾಯದುರ್ಗದಿಂದ ನೆಂಟರು ಬರಬೇಕಾಯಿತು. ಹಟ್ಟಿಯ ಒಂದು ಹೆಗಲೂ ಮುಂದೆ ಬರಲಿಲ್ಲ.

ಅವನಿಗೆ ಬಾ ಅಂದಿದ್ದೇನೆ. ಕೆಡವುವುದು ಹೇಗೆಂದು ಹೊಳೆದಿದೆ. ಅವನ ಹೆಸರೆಲ್ಲ ನಿಂತಿರುವುದು ನಮ್ಮ ಹಟ್ಟಿಯ ಕುರಿಗಳ ಲೆಕ್ಕದ ಮೇಲೆ. ಆ ಲೆಕ್ಕ ಎಂಥದ್ದು ಅಂತ ನನಗೆ ಗೊತ್ತು.

ನಿನ್ನ ತಮ್ಮ
ನಾಗ

*

ಕಾರೆಹಟ್ಟಿ
25 ಜುಲೈ 2024

ಗೆಳೆಯ ಮುರುಗೇಶನಿಗೆ,

ನೀನು ಫೋನ್ ಮಾಡಿದ್ದು ಬಹಳ ಸಂತೋಷವಾಯಿತು. ಹಳೆಯದನ್ನೆಲ್ಲ ಕೆದಕಿ ಏನು ಪ್ರಯೋಜನ. ಹೋದವರು ಹೋದರು.

ಇಲ್ಲಿ ಟವರ್ ಸಿಗುವುದು ಗುಡ್ಡ ಹತ್ತಿದರೆ ಮಾತ್ರ, ಅದಕ್ಕೇ ಕಾಗದ ಹಾಕುತ್ತಿದ್ದೇನೆ. ನೀನೂ ಕಾಗದದಲ್ಲೇ ಬರೆ. ಫೋನಿನಲ್ಲಿ ಕೇಳಿದ್ದು ನನಗೆ ಸಂಜೆಗೆ ಮರೆತುಹೋಗುತ್ತದೆ. ಬರೆದದ್ದಾದರೆ ತೆಗೆದು ತೆಗೆದು ಓದಬಹುದು.

ನಾನು ಈಗಲೂ ಪಶು ಆಸ್ಪತ್ರೆಯಲ್ಲಿ ದಿನಗೂಲಿಯೇ. ಲಸಿಕೆಯ ಡಬ್ಬ ಹೊತ್ತು ಹಟ್ಟಿ ಹಟ್ಟಿ ತಿರುಗುತ್ತೇನೆ. ನಮ್ಮ ಹಟ್ಟಿಯ ಯಜಮಾನ ಪಾಲಾಕ್ಷಪ್ಪನವರ ಹತ್ತಿರ ನಿನ್ನ ವಿಷಯ ಮಾತಾಡಿದ್ದೇನೆ. ಮೊದಲು ಮುಖ ತಿರುಗಿಸಿದರು. ಆಮೇಲೆ ಒಪ್ಪಿದರು. ನಿನ್ನ ಪುಸ್ತಕ ಮತ್ತೆ ಓದಬೇಕು, ಒಂದು ಪ್ರತಿ ಕಳಿಸು.

ಇಂತಿ
ನಾಗಭೂಷಣ

*

ಚಳ್ಳಕೆರೆ
6 ಆಗಸ್ಟ್ 2024

ಪ್ರಿಯ ನಾಗ,

ನಿನ್ನ ಅಕ್ಷರ ನೋಡಿ ಎಷ್ಟು ವರ್ಷವಾಗಿತ್ತೋ! ಈಗಲೂ ಅದೇ ಕಾಗೆ ಕಾಲು. ಆರು ತಿಂಗಳು ರಜೆ ಹಾಕಿ ಊರಿಗೆ ಬಂದಿದ್ದೇನೆ, ಈ ಯೋಜನೆಗಾಗಿಯೇ. ನನ್ನ ಹೆಂಡತಿ ನಿನ್ನ ಕಾಗದ ನೋಡಿ, "ಈ ಕಾಲದಲ್ಲೂ ಇನ್‌ಲ್ಯಾಂಡ್ ಲೆಟರ್ ಬರೆಯೋರು ಇದ್ದಾರಾ!" ಎಂದು ನಕ್ಕಳು.

ಪುಸ್ತಕ ಕಳಿಸಿದ್ದೇನೆ. ನಾಗ, ಒಂದು ಮಾತು. ನಿಮ್ಮ ತಂದೆಯವರ ವಿಷಯ ನನ್ನ ಮನಸ್ಸಿನಲ್ಲಿದೆ. ಸಂಶೋಧನೆಯಲ್ಲಿ ವ್ಯಕ್ತಿಗಿಂತ ಸಂಗತಿ ಮುಖ್ಯವಾಗುತ್ತದೆ. ಹಟ್ಟಿಯವರು ಅದನ್ನು ಹಾಗೆ ತೆಗೆದುಕೊಳ್ಳುತ್ತಾರೆ ಎಂದು ಯಾರು ಎಣಿಸಿದ್ದರು? ನೀನು ದೊಡ್ಡ ಮನಸ್ಸು ಮಾಡಿದ್ದೀಯ. ಹೊಸ ಯೋಜನೆಯಲ್ಲಿ ನಿನಗೆ ಕ್ಷೇತ್ರ ಸಹಾಯಕನ ಹುದ್ದೆ ಗ್ಯಾರಂಟಿ. ದಿನಗೂಲಿ ಸಾಕು ಮಾರಾಯ.

ನಿನ್ನ
ಮುರುಗೇಶ್

*

ಮೊಳಕಾಲ್ಮೂರು
19 ಆಗಸ್ಟ್ 2024

ತಮ್ಮ ನಾಗನಿಗೆ,

ನಿನ್ನ ಕಾಗದ, ಜೊತೆಗೆ ಅವನ ಕಾಗದದ ನಕಲು, ಎರಡೂ ತಲುಪಿದವು. ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುತ್ತಾ ಓದಿದೆ. ರೇಷ್ಮೆ ಎಳೆ ಎರಡು ಸಲ ಕಡಿಯಿತು, ಬೈಸಿಕೊಂಡೆ.

"ಯಾರು ಎಣಿಸಿದ್ದರು" ಅಂತೆ! ಅಪ್ಪ ಬೇಲಿಯ ಹೊರಗೆ ಕಲ್ಲಿನ ಮೇಲೆ ಕೂತು ಒಳಗಿನ ಪೂಜೆಯ ಗಂಟೆ ಕೇಳುತ್ತಿದ್ದುದನ್ನು ಅವನೇನಾದರೂ ನೋಡಿದ್ದಾನಾ? ನನ್ನ ಮುಖ ಕಂಡರೆ ಹಟ್ಟಿಯ ಹೆಂಗಸರು ಸೆರಗು ಎಳೆದುಕೊಂಡು ಹೋಗುತ್ತಿದ್ದರು. ನನ್ನ ಬಾಣಂತನಕ್ಕೇ ಅಲ್ಲವೇ ಆ ಟಗರು ಹೋದದ್ದು. ನಾನು ಉಳಿದೆ, ಶಿಲ್ಪ ಉಳಿದಳು, ಅಪ್ಪ ಹೊರಗುಳಿದರು. ಆ ಟಗರಿನ ಋಣವನ್ನು ಹದಿನಾಲ್ಕು ವರ್ಷದಿಂದ ನುಂಗಿಕೊಂಡು ಕೂತಿದ್ದೇನೆ.

ನಾನು ನಿನ್ನನ್ನು ತಡೆಯುವುದಿಲ್ಲ. ಉಪ್ಪು ತಿಂದವನು ನೀರು ಕುಡಿಯಲಿ. ಆದರೆ ಅವ್ವನಿಗೆ ನೋವಾಗದ ಹಾಗೆ ನೋಡಿಕೋ. ಅವನನ್ನು ಹೊಡೆಯುವುದು, ಬಡಿಯುವುದು ಬೇಡ. ಜೈಲಿಗೆ ಹೋದರೆ ಬುತ್ತಿ ತರಲು ನನ್ನ ಕೈಯಲ್ಲಾಗುವುದಿಲ್ಲ.

ನಿನ್ನ ಅಕ್ಕ
ಲಕ್ಷ್ಮಕ್ಕ

*

ಕಾರೆಹಟ್ಟಿ
30 ಸೆಪ್ಟೆಂಬರ್ 2024

ಗೆಳೆಯ ಮುರುಗೇಶನಿಗೆ,

ಪುಸ್ತಕ ಎರಡು ಸಲ ಓದಿದೆ. ಒಂದು ಕಡೆ ತಲೆ ಕೆಟ್ಟಿತು, ಅದಕ್ಕೇ ಕೇಳುತ್ತಿದ್ದೇನೆ.

ಮೂವತ್ತನೇ ಪುಟದಲ್ಲಿ, "ನಲವತ್ತೊಂದು ಮನೆಗಳ ಕುರಿಗಳನ್ನು ಬೆಳಿಗ್ಗೆ ಮೇವಿಗೆ ಬಿಡುವ ಹೊತ್ತಿಗೆ, ಅವನ್ನು ಕೂಡುವ ರೊಪ್ಪದ ಬಾಗಿಲಲ್ಲಿ ನಿಂತು ಖುದ್ದಾಗಿ ಎಣಿಸಲಾಯಿತು" ಅಂತ ಇದೆ. ಅದರ ಮೇಲೆಯೇ ಅಲ್ಲವೇ ನೀನು ಮಂದೆ ಅರ್ಧಕ್ಕರ್ಧ ಕರಗಿದೆ, ಕುರಿಗಾರರು ಕಸುಬು ಬಿಡುತ್ತಿದ್ದಾರೆ ಅಂತ ತೀರ್ಮಾನ ಮಾಡಿದ್ದು. ನನಗೆ ನೆನಪಿರುವಂತೆ ನೀನು ಬೇವಿನ ಮರದ ಕೆಳಗೆ ಕೂತು, "ನಿಮ್ಮವು ಎಷ್ಟ್ರಿ? ನಿಮ್ಮವು ಎಷ್ಟ್ರಿ?" ಎಂದು ಒಬ್ಬೊಬ್ಬರನ್ನೇ ಕೇಳಿ ಬರೆದುಕೊಂಡೆ. ಬೇಡ, ಬೆಳಿಗ್ಗೆ ಎದ್ದು ನೀನೇ ಎಣಿಸು ಅಂತ ಹೇಳಿದ್ದೆ. ನೀನು ಏಳಲಿಲ್ಲ. ಏಳದೇ ಇದ್ದದ್ದಕ್ಕೆ ಬೈದೂ ಇದ್ದೆ.

ಸಮಿತಿಯವರು ನನ್ನನ್ನು ಕೇಳಿದರೆ ಏನು ಹೇಳಬೇಕು? ನೀನು ಹೇಳಿದ ಹಾಗೆ ಹೇಳುತ್ತೇನೆ. ಸರಿಯಾಗಿ ಬರೆದು ತಿಳಿಸು. ನಾನು ನಿನ್ನಷ್ಟು ಓದಿದವನಲ್ಲ, ತಪ್ಪು ಮಾತಾಡಿ ನಿನ್ನ ಕೆಲಸ ಕೆಡಿಸಬಾರದು.

ಇಂತಿ
ನಾಗಭೂಷಣ

*

ಚಳ್ಳಕೆರೆ
14 ಅಕ್ಟೋಬರ್ 2024

ಪ್ರಿಯ ನಾಗ,

ನಿನ್ನ ನೆನಪಿನ ಶಕ್ತಿ ಭಯಂಕರ ಕಣಯ್ಯ! ಹೌದು, ಕೇಳಿಯೇ ಬರೆದುಕೊಂಡದ್ದು. ಆ ಬಿಸಿಲಿನಲ್ಲಿ ನಲವತ್ತೊಂದು ರೊಪ್ಪದ ಮುಂದೆ ನಿಂತು ಯಾರು ಎಣಿಸುತ್ತಾರೆ? ಆದರೆ ಗೈಡ್ ಪಟ್ಟು ಹಿಡಿದರು, ಕೇಳಿದ ಲೆಕ್ಕ ಲೆಕ್ಕವಲ್ಲ, ಕಂಡ ಲೆಕ್ಕವೇ ಬೇಕು ಅಂತ. ಹಾಗಾಗಿ ಒಂದು ಸಾಲು ಸೇರಿಸಬೇಕಾಯಿತು. ಎಲ್ಲರೂ ಮಾಡುವುದೇ. ಕುರಿಗಾರ ತನ್ನ ಕುರಿಯ ಲೆಕ್ಕ ತಪ್ಪು ಹೇಳಿ ಏನು ಗಳಿಸುತ್ತಾನೆ ಹೇಳು?

ಸಮಿತಿಯವರು ಕೇಳಿದರೆ, "ಸಾರ್ ಒಂದು ವಾರ ಮುಂಜಾನೆ ಎದ್ದು ನನ್ನ ಜೊತೆಯಲ್ಲೇ ಬಂದು ಎಣಿಸಿದರು" ಎನ್ನು. ಇಷ್ಟು ಸಾಕು. ಹೆಚ್ಚು ಮಾತಾಡಬೇಡ.

ಈ ಕಾಗದ ಹರಿದು ಬಿಸಾಕು.

ನಿನ್ನ
ಮುರುಗೇಶ್

*

ಕಾರೆಹಟ್ಟಿ
1 ಡಿಸೆಂಬರ್ 2024

ಅಕ್ಕ,

ಆಯಿತು.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಎರಡು ಕಾರು ಬಂದವು. ಸಮಿತಿಯವರು ಮೂವರು. ಬಿಳಿ ಕೂದಲಿನ ಒಬ್ಬ ಮೇಡಂ ಅವರಿಗೆಲ್ಲ ಹಿರಿಯರು. ಮುರುಗೇಶ ಬಿಳಿ ಪಂಚೆ ಉಟ್ಟು ಬಂದಿದ್ದ, ನಮ್ಮವನ ಹಾಗೆ ಕಾಣಲು. ಪಾಲಾಕ್ಷಪ್ಪನವರ ಕಾಲಿಗೂ ಬಿದ್ದ. ಕಟ್ಟೆಯ ಮುಂದೆ ಇಡೀ ಹಟ್ಟಿ ಸೇರಿತ್ತು. ಅವ್ವನೂ ಹಿಂದೆ ಕೂತಿದ್ದಳು.

ಮೇಡಂ ಕನ್ನಡದವರೇ. "ಈ ಲೆಕ್ಕ ಹೇಗೆ ತೆಗೆದ್ರಿ?" ಎಂದು ಕೇಳಿದರು. ಮುರುಗೇಶ ನನ್ನ ಬೆನ್ನು ತಟ್ಟಿ, "ಇವನೇ ನನ್ನ ಬಲಗೈ ಮೇಡಂ, ಇವನನ್ನೇ ಕೇಳಿ" ಅಂದ.

ನಾನು ಎದ್ದು ನಿಂತು ಅವನ ಕಾಗದ ತೆಗೆದು ಓದಿದೆ. ಮೊದಲ ಸಾಲಿನಿಂದ "ಹರಿದು ಬಿಸಾಕು" ಎನ್ನುವವರೆಗೆ, ಒಂದಕ್ಷರ ಬಿಡದೆ. ಅಕ್ಕ, ಅವನ ಮುಖ ನೀನು ನೋಡಬೇಕಿತ್ತು. ಏಳು ವರ್ಷದಿಂದ ಆ ಮುಖಕ್ಕೇ ಕಾದಿದ್ದೆ. ಸಕ್ಕರೆ ತಿಂದಷ್ಟು ಖುಷಿಯಾಯಿತು.

ಅವನು ಸುಲಭಕ್ಕೆ ಬಿಡಲಿಲ್ಲ. "ಕೇಳಿ ಬರೆದಿದ್ದು ನಿಜ, ಒಪ್ಪಿಕೊಳ್ತೀನಿ. ಆದರೆ ಲೆಕ್ಕ ಸುಳ್ಳಲ್ಲ. ಇವರೇ ಹೇಳಿದ್ದು" ಅಂದ.

ಆಗ ನಾನು ಹೇಳಿದೆ. "ಮೇಡಂ, ನಮ್ಮ ಹಟ್ಟಿಯಾಗೆ ಯಾರೂ ಕುರಿ ಲೆಕ್ಕ ಬಾಯಲ್ಲಿ ಹೇಳಲ್ಲ. ಹೇಳಿದ್ರೆ ಮಂದೆಗೆ ಕಣ್ಣು ಬೀಳ್ತೈತೆ, ಮಂದೆ ಕರಗ್ತೈತೆ ಅಂತ. ಕೇಳಿದೋರಿಗೆ ಬಾಯಿಗೆ ಬಂದಿದ್ದು ಹೇಳ್ತಾರೆ, ಅದೂ ಕಮ್ಮಿ ಮಾಡಿ. ಎಣಿಸಬೇಕು ಅಂದ್ರೆ ಬಾಯಿ ಮುಚ್ಕೊಂಡು ರೊಪ್ಪದ ಬಾಗಲಾಗೆ ನಿಂತ್ಕಬೇಕು. ನಲವತ್ತು ದಿನ ನಮ್ಮನೆ ಅನ್ನ ತಿಂದೋನಿಗೆ ಇದೊಂದು ಗೊತ್ತಾಗ್ಲಿಲ್ಲ."

"ಹಾಗಾದರೆ ನಿಜವಾದ ಲೆಕ್ಕ ಎಷ್ಟು?" ಎಂದರು ಮೇಡಂ.

ಇಲ್ಲಿ ನಿಲ್ಲಿಸಬಹುದಿತ್ತು ಅಕ್ಕ. ಅವನ ಕೆಲಸ ಆಗಲೇ ಕೆಟ್ಟಿತ್ತು. ಆದರೆ ನನಗೆ ಸಾಲಲಿಲ್ಲ. ಅವನಿಗೆ ಏಳಲು ಒಂದು ಬೆರಳಷ್ಟು ಜಾಗವೂ ಇರಬಾರದು ಅನ್ನಿಸಿತು. ಲಸಿಕೆಯ ನೋಟ್‌ಬುಕ್ ನನ್ನ ಜೇಬಿನಲ್ಲೇ ಇತ್ತು. ಇಲಾಖೆಗೆ ನಾನು ಕೊಡುವುದು ಹಟ್ಟಿಯ ಒಟ್ಟು ಲೆಕ್ಕ. ಯಾವ ಮನೆಯಲ್ಲಿ ಎಷ್ಟು ಕುರಿಗೆ ಚುಚ್ಚಿದೆ ಎನ್ನುವುದು ಮಾತ್ರ ನನ್ನ ನೋಟ್‌ಬುಕ್ಕಿನಲ್ಲಿದೆ, ಹನ್ನೆರಡು ವರ್ಷದ್ದು. ಅವನು ಥೀಸಿಸ್ ಬರೆದ ವರ್ಷವೇ ಅದರ ಮೊದಲ ಪುಟ. ನಮ್ಮವನು, ಬಾಯಿ ಬಿಡುವುದಿಲ್ಲ ಅಂತ ನಂಬಿಯೇ ನನ್ನನ್ನು ರೊಪ್ಪದೊಳಗೆ ಬಿಟ್ಟಿದ್ದರು.

ತೆಗೆದು ಓದಿದೆ. ಮನೆಯ ಹೆಸರು, ಅವನು ಪುಸ್ತಕದಲ್ಲಿ ಬರೆದದ್ದು ಎಷ್ಟು, ಇದ್ದದ್ದು ಎಷ್ಟು. ಮೂರನೇ ಮನೆಗೇ ಪಾಲಾಕ್ಷಪ್ಪ, "ಲೇ ನಾಗ, ಸಾಕು ನಿಲ್ಸಲೇ" ಅಂದರು. ನಾನು ನಿಲ್ಲಿಸಲಿಲ್ಲ. ಹೆಂಗಸರು ಒಬ್ಬೊಬ್ಬರೇ ಎದ್ದು ಕಿವಿ ಮುಚ್ಚಿಕೊಂಡು ಹೋದರು. ಯಾರೋ ನೆಲಕ್ಕೆ ಉಗುಳಿದರು. ನಲವತ್ತೊಂದು ಮನೆಯನ್ನೂ ಓದಿ ಮುಗಿಸಿದೆ. ಕೊನೆಗೆ ನಮ್ಮದೂ.

ಮೇಡಂ ಆ ಕಾಗದವನ್ನು ನನ್ನಿಂದ ಕೇಳಿ ಇಸಿದುಕೊಂಡರು. ಮಡಚಿ ಚೀಲಕ್ಕೆ ಹಾಕಿಕೊಂಡು ಕಾರು ಹತ್ತಿದರು. ಮುರುಗೇಶ ಬೇವಿನ ಮರದ ಕೆಳಗೆ ಒಬ್ಬನೇ ನಿಂತಿದ್ದ.

ಅವ್ವ ಅವತ್ತಿನಿಂದ ನನ್ನ ಜೊತೆ ಮಾತಾಡಿಲ್ಲ. ಮಾತಾಡುತ್ತಾಳೆ, ಎಲ್ಲಿಗೆ ಹೋಗುತ್ತಾಳೆ.

ನಾಗ

*

ಚಳ್ಳಕೆರೆ
20 ಜನವರಿ 2025

ನಾಗಭೂಷಣ,

ಯೋಜನೆ ಹೋಯಿತು. ಪ್ರಕಾಶಕರು ಪುಸ್ತಕ ವಾಪಸ್ ತೆಗೆದುಕೊಂಡಿದ್ದಾರೆ. ಪದವಿಯ ಮೇಲೆ ವಿಚಾರಣೆ ಕೂತಿದೆ, ಅದೂ ಹೋಗಬಹುದು. ನೀನು ಬಯಸಿದ್ದೆಲ್ಲ ಸಿಕ್ಕಿದೆ.

ಬೈಯಲು ಈ ಕಾಗದ ಬರೆಯುತ್ತಿಲ್ಲ. ಬೈಯುವ ಮುಖ ನನಗಿಲ್ಲ. ನಿಮ್ಮಪ್ಪ ಆ ಟಗರಿನ ಮಾತು ಹೇಳುವಾಗ ಅತ್ತಿದ್ದರು. ಹೇಳಿ ಮುಗಿಸಿ, "ಇದನ್ನ ಬರೀಬ್ಯಾಡಪ್ಪ" ಅಂದಿದ್ದರು. ಅದನ್ನು ನಾನು ಈವರೆಗೆ ಯಾರಿಗೂ ಹೇಳಿರಲಿಲ್ಲ. ಬರೆದೆ, ಏಕೆಂದರೆ ಇಡೀ ಥೀಸಿಸ್ಸಿನಲ್ಲಿ ಓದುವ ಹಾಗಿದ್ದದ್ದು ಅದೊಂದೇ.

ನೋಡು, ನನ್ನ ಪುಸ್ತಕದಲ್ಲಿ ಲೆಕ್ಕವೆಲ್ಲ ಸುಳ್ಳಾಯಿತು. ನಿಜವಿದ್ದದ್ದು ಆ ಟಗರಿನ ಕಥೆ ಮಾತ್ರ. ಈಗ ನಾನು ಬೀದಿಯಲ್ಲಿ ನಿಂತು ಕೂಗಿದರೂ ಅದನ್ನು ಯಾರೂ ನಂಬುವುದಿಲ್ಲ. ನಾನು ಕೂಗುವುದೂ ಇಲ್ಲ.

ಮುರುಗೇಶ್

*

ಕಾರೆಹಟ್ಟಿ
16 ಫೆಬ್ರವರಿ 2025

ಅಕ್ಕನಿಗೆ,

ಒಳ್ಳೆಯ ಸುದ್ದಿ. ಹಿರಿಯರು ಕೂತು ಮಾತಾಡಿದರು. ಪಾಲಾಕ್ಷಪ್ಪನವರು, "ಅವನ ಪುಸ್ತಕದಾಗಿರೋ ಕುರಿ ಲೆಕ್ಕಾನೇ ಸುಳ್ಳು ಅಂದ್ಮೇಲೆ ಟಗರಿನ ಮಾತು ನಿಜ ಹೆಂಗಾಗ್ತೈತೆ? ಪಾತಣ್ಣನ ಮ್ಯಾಲೆ ಅಪವಾದ ಹೊರಿಸಿದ್ವಿ" ಅಂದರಂತೆ. ಎಲ್ಲರೂ ಹೌದೆಂದರು. ಮುಂದಿನ ಸೋಮವಾರಕ್ಕೆ ಅಪ್ಪ ಹೋಗಿ ವರ್ಷ. ಅವತ್ತು ಅಪ್ಪನ ಹೆಸರಿನಲ್ಲಿ ಗುಡಿಯೊಳಗೆ ಎಡೆ ಇಡುತ್ತಾರೆ. ಹಟ್ಟಿಯ ಎಲ್ಲ ಹಿರಿಯರ ಸಾಲಿನಲ್ಲಿ, ಅಪ್ಪನದೂ!

ನಾನು ಇದನ್ನು ಲೆಕ್ಕ ಹಾಕಿಯೇ ಮಾಡಿದ್ದಲ್ಲ. ನನಗೆ ಅವನನ್ನು ಕೆಡವುವುದು ಮಾತ್ರ ಬೇಕಿತ್ತು. ಆದರೆ ದೇವರು ದೊಡ್ಡವನು.

ನನಗೆ ಒಳಗೆ ಪ್ರವೇಶವಿಲ್ಲ. ಹಟ್ಟಿಯ ಲೆಕ್ಕವನ್ನು ಹೊರಗಿನವರ ಮುಂದೆ ಹೇಳಿದೆನಲ್ಲ, ಅದಕ್ಕೆ. ಈ ತಿಂಗಳು ಎರಡು ಮನೆಯಲ್ಲಿ ಮರಿಗಳು ಸತ್ತವು. ಚಳಿಗೆ ಸತ್ತವು ಅಂತ ನಾನು ಹೇಳಿದರೆ ಯಾರು ಕೇಳುತ್ತಾರೆ. "ನಿಮ್ಮಪ್ಪ ಟಗರು ಮಾರ್ಲಿಲ್ಲ. ನೀನು ಹಟ್ಟೀನೇ ಮಾರ್ದೆ" ಅಂದರು ಪಾಲಾಕ್ಷಪ್ಪ. ಲಸಿಕೆಗೂ ನನ್ನನ್ನು ರೊಪ್ಪದ ಹತ್ತಿರ ಬಿಡುತ್ತಿಲ್ಲ. ಆಸ್ಪತ್ರೆಯವರು ಬೇರೆಯವನನ್ನು ಕಳಿಸಿದ್ದಾರೆ. ಅವ್ವ ತನ್ನ ಕುರಿಗಳನ್ನು ಚಿಕ್ಕಪ್ಪನ ರೊಪ್ಪಕ್ಕೆ ಹೊಡೆದುಕೊಂಡು ಹೋಗಿದ್ದಾಳೆ, ತಾನೂ ಅಲ್ಲೇ ಇದ್ದಾಳೆ.

ನನಗೇನೂ ಬೇಜಾರಿಲ್ಲ. ಏಳು ವರ್ಷ ಅಪ್ಪ ಹೊರಗಿದ್ದರು, ಈಗ ನಾನಿರುತ್ತೇನೆ. ಮುರುಗೇಶ ಮಣ್ಣು ಮುಕ್ಕಿದನಲ್ಲ, ಅಷ್ಟು ಸಾಕು. ಇನ್ನೊಂದು ಸಲ ಅವಕಾಶ ಸಿಕ್ಕರೂ ಇದನ್ನೇ ಮಾಡುತ್ತೇನೆ. ನೀನು ಶಿಲ್ಪಳನ್ನು ಕರೆದುಕೊಂಡು ಖಂಡಿತ ಬಾ. ಗುಡಿಯೊಳಗೆ ಅವ್ವನ ಜೊತೆ ಮಕ್ಕಳಲ್ಲಿ ಒಬ್ಬರಾದರೂ ಇರಬೇಕು.

ನಾಗ

*

ಮೊಳಕಾಲ್ಮೂರು
2 ಮಾರ್ಚ್ 2025

ನಾಗ,

ಸೋಮವಾರ ನಿನ್ನನ್ನು ಬೇಲಿಯ ಆಚೆ ಕಂಡೆ. ಹೊರಗೆ ಬಂದ ಮೇಲೆ ಮಾತಾಡಿಸದೆ ಬಸ್ಸು ಹತ್ತಿದೆ. ಸಿಟ್ಟು ಅಂದುಕೊಂಡಿರಬಹುದು. ಸಿಟ್ಟೇ. ಯಾರ ಮೇಲೆ ಅಂತ ಅವತ್ತು ನನಗೇ ತಿಳಿದಿರಲಿಲ್ಲ.

ಒಳಗೆ ಏನಾಯಿತೆಂದು ನೀನು ಕೇಳಿಲ್ಲ. ಹೇಳುತ್ತೇನೆ. ಎಡೆ ಇಟ್ಟು ಮಂಗಳಾರತಿ ಆದ ಮೇಲೆ ಪಾಲಾಕ್ಷಪ್ಪ ಅವ್ವನನ್ನೂ ನನ್ನನ್ನೂ ಮುಂದಕ್ಕೆ ಕರೆದರು. ದೇವರ ಮುಂದೆ ಕಾಯಿ ಹಿಡಿದು ಕೇಳಿದರು. "ಪಾತಣ್ಣ ಮೀಸಲು ಟಗರು ಮಾರ್ಲಿಲ್ಲ. ಮಗಳ ಬಾಣಂತನಕ್ಕೆ ಅಂತ ಬರ್ದಿದ್ದೆಲ್ಲ ಕಟ್ಟುಕಥೆ. ಹೌದೇನವ್ವ?"

ಅವ್ವ ಹೌದೆಂದು ತಲೆಯಾಡಿಸಿದಳು. ಹಟ್ಟಿಯೆಲ್ಲ ನನ್ನ ಕಡೆ ತಿರುಗಿತು. ಅಪ್ಪ ಆ ಟಗರನ್ನು ಭುಜದ ಮೇಲೆ ಹೊತ್ತುಕೊಂಡು ಸಂತೆಗೆ ಹೋಗಿದ್ದರಂತೆ, ನಡೆಸಿದರೆ ಯಾರಾದರೂ ಗುರುತು ಹಿಡಿಯುತ್ತಾರೆ ಅಂತ, ಕಂಬಳಿ ಮುಚ್ಚಿ. ಮೂರು ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದರು. ನನ್ನ ಮದುವೆಯಲ್ಲಿ ಕೂಡ ನನ್ನ ತಲೆಯ ಮೇಲೆ ಕೈ ಇಡದ ಮನುಷ್ಯ. ಅವರು ಬಾಯಿ ಬಿಟ್ಟು ನನ್ನ ಮೇಲೆ ಪ್ರೀತಿ ತೋರಿಸಿದವರಲ್ಲ. ಮಾಡಿದ್ದು ಅದೊಂದನ್ನೇ.

ನಾನೂ ತಲೆಯಾಡಿಸಿದೆ, ನಾಗ. ಕಟ್ಟುಕಥೆ ಅಂದೆ. ಜೋರಾಗಿ ಹೇಳವ್ವ ಅಂದರು, ಜೋರಾಗಿಯೂ ಅಂದೆ.

ಬಸ್ಸಿನಲ್ಲಿ ಶಿಲ್ಪ, "ಹಂಗಾದ್ರೆ ತಾತ ನಮಗೋಸ್ಕರ ಏನೂ ಮಾಡ್ಲಿಲ್ವಾ?" ಅಂತ ಕೇಳಿದಳು. ಮೊಳಕಾಲ್ಮೂರು ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ.

ಲಕ್ಷ್ಮಕ್ಕ